ಡಾಕ್ಟರ್ ಆಗದೆಯೂ ಹೆಲ್ತ್ ಪಾಲಿಸಿ ಓದಬಹುದು: ಅರ್ಜಿ ಹಾಕುವ ಮುಂಚೆ ಇಷ್ಟು ಮಾಡಿ

ಹೆಲ್ತ್ ಪಾಲಿಸಿ, ಅಂದರೆ ಆರೋಗ್ಯ ನೀತಿ (ಇನ್ಶೂರೆನ್ಸ್ ಪಾಲಿಸಿ ಅಲ್ಲ), ಓದಬೇಕಾದರೆ ಎಂಬಿಬಿಎಸ್ ಇರಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅರ್ಥಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಓದಿದವರೂ ಬರುತ್ತಾರೆ. ಆದರೆ ಒಂದೊಂದು ಕಡೆ ಒಂದೊಂದು ನಿಯಮ, ಆ ವರ್ಷದ ಪ್ರಕಟಣೆ ನೋಡದೆ ಫೀಸು ಕಟ್ಟಬೇಡಿ.

ಮೊದಲು ಕೋರ್ಸಿನ ಹೆಸರು ಬಿಟ್ಟು ಸಿಲಬಸ್ ಓದಿ. ನಮ್ಮ ದೇಶದಲ್ಲಿ ಈ ವಿಷಯ ಹೆಚ್ಚಾಗಿ ಎಂಪಿಎಚ್, ಅಂದರೆ ಪಬ್ಲಿಕ್ ಹೆಲ್ತ್ ಸ್ನಾತಕೋತ್ತರ ಪದವಿಯ ಒಳಗೇ ಸೇರಿಕೊಂಡಿರುತ್ತದೆ, ಎಷ್ಟೋ ಕಡೆ ಎರಡು ಪೇಪರ್ ಬಿಟ್ಟರೆ ಉಳಿದದ್ದೆಲ್ಲ ರೋಗಗಳ ಲೆಕ್ಕಾಚಾರವೇ. ಮುಂಬೈನ ಟಿಸ್‌ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ)ನಲ್ಲಿ ಹೆಲ್ತ್ ಪಾಲಿಸಿ, ಎಕನಾಮಿಕ್ಸ್ ಮತ್ತು ಫೈನಾನ್ಸ್‌ಗೆ ಅಂತಲೇ ಎಂಪಿಎಚ್ ಇದೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂಪಿಎಚ್ ಕಲಿಸುತ್ತಿದೆ. ಬಡತನ, ಜಾತಿ, ರಾಜಕೀಯದ ಕಡೆಯಿಂದ ಆರೋಗ್ಯ ನೋಡುವ ಆಸೆ ಇದ್ದರೆ ದೆಹಲಿಯ ಜೆಎನ್‌ಯು. ಮನೆ ಹತ್ತಿರ ಬೇಕು ಅಂದರೆ ಮಣಿಪಾಲ ಇದೆ.

ಇನ್ನು ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಈ ಕೋರ್ಸ್ ಯಾಕೆ ಬೇಕು ಅಂತ ಅರ್ಜಿಯ ಜೊತೆ ಬರೆದುಕೊಡುವ ಪತ್ರ. ಎಲ್ಲರೂ ಎಡವುವುದು ಇಲ್ಲೇ. "ಚಿಕ್ಕಂದಿನಿಂದ ಜನಸೇವೆಯ ಕನಸು" ಅಂತ ಸುಮ್ನೆ ಬರೆಯಬೇಡಿ, ಓದುವವರಿಗೆ ಸಾಕಾಗಿ ಹೋಗಿರುತ್ತದೆ. ನಿಮಗೆ ಗೊತ್ತಿರುವ ಒಂದು ಜಗಳ ಹಿಡಿದುಕೊಳ್ಳಿ. ಉದಾಹರಣೆಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ. ಖಾಸಗಿ ಆಸ್ಪತ್ರೆಗಳ ದರಕ್ಕೆ ಲಗಾಮು ಹಾಕಲು ಸರ್ಕಾರ ಹೊರಟಿತು, ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಡಾಕ್ಟರುಗಳು ಮುಷ್ಕರಕ್ಕೆ ಇಳಿದರು, ರೋಗಿಗಳು ಪರದಾಡಿದರು, ಕೊನೆಗೆ ಮಸೂದೆಯನ್ನು ಸಡಿಲ ಮಾಡಿ ಪಾಸು ಮಾಡಿದರು. ಸರ್ಕಾರಿ ಆಸ್ಪತ್ರೆಗಳು ಈ ಕಾಯ್ದೆಯ ಹೊರಗೆ ಯಾಕೆ? ಮಾತುಕತೆಯ ಮೇಜಿನಲ್ಲಿ ರೋಗಿಯ ಪರ ಯಾರಿದ್ದರು? ದರ ನಿಗದಿ ಮಾಡಿದರೂ ಜಿಲ್ಲೆಯಲ್ಲಿ ಅದನ್ನು ಜಾರಿ ಮಾಡುವವರು ಯಾರು? ಪಾಲಿಸಿ ಅಂದರೆ ಇದೇ ಅಲ್ವಾ? ಯಶಸ್ವಿನಿ ಆರೋಗ್ಯ ಯೋಜನೆಯೂ ಒಳ್ಳೆಯ ವಿಷಯ. 2003ರಲ್ಲಿ ಸಹಕಾರಿ ಸಂಘದ ಸದಸ್ಯರಿಗೆ ಅಂತ ಶುರುವಾಯಿತು, 2018ರಲ್ಲಿ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆ ಬಂದಾಗ ನಿಂತಿತು, 2022ರಲ್ಲಿ ಮತ್ತೆ ಬಂತು. ಯಾಕೆ ನಿಂತಿತು, ಯಾಕೆ ಬಂತು ಅಂತ ಕೆದಕಿ ನೋಡಿ. ಎರಡು ಪ್ಯಾರಾ ತಾನಾಗಿ ಬರುತ್ತದೆ.

ಓದುವುದು ಜಾಸ್ತಿ ಬೇಕಿಲ್ಲ. ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರ ಭೋರ್ ಸಮಿತಿ ಕೊಟ್ಟ ವರದಿಯ ಸಾರಾಂಶ, 2017ರ ರಾಷ್ಟ್ರೀಯ ಆರೋಗ್ಯ ನೀತಿ, ಡಾ. ಸುದರ್ಶನ್ ನೇತೃತ್ವದ ಕರ್ನಾಟಕ ಆರೋಗ್ಯ ಕಾರ್ಯಪಡೆಯ 2001ರ ವರದಿ ಸಾಕು. 2017ರ ನೀತಿ 2025ರೊಳಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ 2.5%ಗೆ ಏರಿಸುತ್ತೇವೆ ಎಂದಿತ್ತು. ಆಮೇಲಿನ ಬಜೆಟ್‌ಗಳನ್ನು ಪಕ್ಕದಲ್ಲಿಟ್ಟು ಓದಿದರೆ ಮಜಾ ಇರುತ್ತದೆ. ಎನ್‌ಎಫ್‌ಎಚ್‌ಎಸ್-5ರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ನಿಮ್ಮ ಜಿಲ್ಲೆಯ ಫ್ಯಾಕ್ಟ್‌ಶೀಟ್ ಪುಕ್ಕಟೆ ಸಿಗುತ್ತದೆ, ಅದನ್ನು ಎಕ್ಸೆಲ್‌ಗೆ ಹಾಕಿ ಪಕ್ಕದ ಜಿಲ್ಲೆಯ ಜೊತೆ ಹೋಲಿಸಿ. ಅಂಕಿಅಂಶದ ಭಯ ಅರ್ಧ ಅಲ್ಲೇ ಹೋಗುತ್ತದೆ.

ಲಂಡನ್ನಿಗೆ ಹೋಗುವ ಆಸೆ ಇದ್ದರೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಇದೆ, ಆದರೆ ಅದು ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ.

ಕೆಲಸದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಹುದ್ದೆಗಳು ಬಹುಪಾಲು ಗುತ್ತಿಗೆಯವು, ಎನ್‌ಜಿಒ ಕೆಲಸ ಪ್ರಾಜೆಕ್ಟ್ ಮುಗಿಯುವ ತನಕ. ಹಾಗಾಗಿ ದೊಡ್ಡ ಸಾಲ ಮಾಡುವ ಮುಂಚೆ ಕಳೆದ ಎರಡು ಬ್ಯಾಚಿನವರನ್ನು ಹುಡುಕಿ ಮಾತಾಡಿಸಿ. ಈಗ ಎಲ್ಲಿದ್ದೀರಿ, ಸಂಬಳ ಎಷ್ಟು, ಡಾಕ್ಟರ್ ಅಲ್ಲದವರಿಗೂ ಅದೇ ಸಂಬಳವಾ ಅಂತ ಸಂಕೋಚ ಇಲ್ಲದೆ ಕೇಳಿ. ಕಾಲೇಜಿನವರು ಕೊಡುವ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಇದು ಇರುವುದಿಲ್ಲ.