ಕೆನೂ ತಳದ ಬಿರುಕು ಕೊನೆಗೂ ನಿಂತಿದ್ದು ಹೀಗೆ

ರಭಸದ ನೀರಲ್ಲಿ ಓಡಿಸುವ ನನ್ನ ಪಾಲಿಎಥಿಲೀನ್ ಪ್ಲಾಸ್ಟಿಕ್‌ನ ಕೆನೂ ದೋಣಿಯ ತಳ ಬಂಡೆಗೆ ತಾಗಿ ಒಂದು ಗೇಣುದ್ದ ಬಿರುಕು ಬಿಟ್ಟಿತ್ತು. ನೀರು ಜಿನುಗುತ್ತಿತ್ತು. ಡಕ್ಟ್ ಟೇಪ್ ಒಂದು ದಿನ ತಡೆಯಿತು, ಅಷ್ಟೇ. ಸಿಲಿಕೋನ್ ಸುಲಿದು ಬಂತು. ಎರಡು ಭಾಗ ಕಲಸಿ ಹಚ್ಚುವ ಮಾಮೂಲಿ ಎಪಾಕ್ಸಿ ಅಂಟು ಗಟ್ಟಿಯಾದ ಮೇಲೆ ಉಗುರಿಗೇ ಹಪ್ಪಳದ ಹಾಗೆ ಎದ್ದಿತು. ಈ ಪ್ಲಾಸ್ಟಿಕ್‌ಗೆ ಸುಮ್ನೆ ಹಚ್ಚಿದರೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ.

ಮೊದಲು ಬಿರುಕಿನ ಎರಡೂ ತುದಿಗೆ 3 ಮಿಮೀ ತೂತು ಕೊರೆದೆ, ಇಲ್ಲದಿದ್ದರೆ ಅದು ಮುಂದಕ್ಕೆ ಸೀಳುತ್ತಾ ಹೋಗುತ್ತೆ. ಅಂಚನ್ನು ಒಳಗೂ ಹೊರಗೂ ಓರೆಯಾಗಿ ಕೆತ್ತಿ, 80 ನಂಬರ್ ಉಪ್ಪುಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ.

ಎಲ್ಲ ನಿಂತಿರುವುದು ಮುಂದಿನ ಹೆಜ್ಜೆಯ ಮೇಲೆ: ಅಂಟು ಹಿಡಿಯುವಂತೆ ಪ್ಲಾಸ್ಟಿಕ್‌ಗೆ ಬೆಂಕಿ ತೋರಿಸುವುದು. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಬೆಂಕಿ ಉಗುಳುವ ಪ್ರೊಪೇನ್ ಗ್ಯಾಸ್ ಟಾರ್ಚ್ ಹಿಡಿದು, ಜ್ವಾಲೆಯ ತುದಿ ಮಾತ್ರ ತಾಗುವಂತೆ ಸೆಕೆಂಡಿಗೆ 30–40 ಸೆಂಮೀ ವೇಗದಲ್ಲಿ ಸರಿಸಿದೆ. ನಿಲ್ಲಿಸಲೇಬಾರದು, ಪ್ಲಾಸ್ಟಿಕ್ ಕರಗುತ್ತೆ. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನ ಹಾಗೆ ಉರುಳಿದರೆ ಮತ್ತೆ ಜ್ವಾಲೆ ತೋರಿಸಬೇಕು. ತೆಳ್ಳಗೆ ಹರಡಿದರೆ ಸಾಕು, ಅಂಟು ಹಿಡಿಯುತ್ತೆ; ನೀರು ಒರೆಸಿ ಒಣಗಿಸಿ. ಅರ್ಧ ಗಂಟೆಯೊಳಗೆ ಜಿ/ಫ್ಲೆಕ್ಸ್ ಎಂಬ ಎಪಾಕ್ಸಿಯ ಎರಡೂ ಭಾಗ ಸಮಸಮ ಕಲಸಿ ಬಿರುಕಿಗೆ ತುಂಬಿದೆ. ಇದು ಬಾಗುತ್ತೆ, ತಳದ ಜೊತೆ ಬಳುಕುತ್ತೆ. 24 ಗಂಟೆ ಮುಟ್ಟಲಿಲ್ಲ. ಮರುದಿನ ಒಳಗೆ ನೀರು ತುಂಬಿಸಿಟ್ಟೆ, ಹೊರಗೆ ತಳ ಒಣಗಿಯೇ ಇತ್ತು.