ಮಾತಾಡಲು ಭಯವಾ? ಕನಸಿನಲ್ಲಿ ರಿಹರ್ಸಲ್ ಮಾಡಿ ನೋಡಿ

ಮೀಟಿಂಗ್‌ನಲ್ಲಿ ನನ್ನ ಸರದಿ ಬರುವಷ್ಟರಲ್ಲಿ ನಾಲಿಗೆ ಒಣಗಿ, ಹೆಸರು ಹೇಳುವುದಕ್ಕೂ ತಡವರಿಸುತ್ತಿದ್ದೆ. ಸ್ವಲ್ಪ ಉಪಯೋಗಕ್ಕೆ ಬಂದದ್ದು ಲೂಸಿಡ್ ಡ್ರೀಮ್. ಅಂದರೆ, ಇದು ಕನಸು ಅಂತ ಕನಸಿನೊಳಗೇ ಗೊತ್ತಾಗುವುದು. ಮಾಟ ಮಂತ್ರ ಅಲ್ಲ. 1975ರಲ್ಲೇ ಇಂಗ್ಲೆಂಡಿನ ಮನೋವಿಜ್ಞಾನಿ ಕೀತ್ ಹರ್ನ್, ನಿದ್ದೆಯಲ್ಲಿ ಕನಸು ಕಾಣುತ್ತಿದ್ದವರು ಕಣ್ಣು ಹೊರಳಿಸಿ ಕೊಟ್ಟ ಸನ್ನೆಯಿಂದ ಇದನ್ನು ದಾಖಲಿಸಿದ್ದರು.

ಹಗಲಲ್ಲಿ ಆಗಾಗ ಮೂಗು ಹಿಡಿದು ಉಸಿರೆಳೆದು ನೋಡಿ. ಇದೇ ಅಭ್ಯಾಸ ಕನಸಿನಲ್ಲೂ ಬರಬಹುದು; ಕನಸಾದರೆ ಮೂಗು ಮುಚ್ಚಿದ್ದರೂ ಸಾಮಾನ್ಯವಾಗಿ ಉಸಿರಾಡಲು ಆಗುತ್ತದೆ. (ಬಸ್ಸಿನಲ್ಲಿ ಬೇಡ, ಪಕ್ಕದವರು ಎದ್ದು ಹೋಗುತ್ತಾರೆ!) ರಜೆ ದಿನ ಐದು ಗಂಟೆ ನಿದ್ದೆಯಾದ ಮೇಲೆ ಎದ್ದು, ಕಂಡ ಕನಸನ್ನು ಬರೆದಿಡಿ. "ಮುಂದಿನ ಕನಸಿನಲ್ಲಿ, ಇದು ಕನಸು ಅಂತ ನೆನಪಾಗಬೇಕು" ಎಂದುಕೊಳ್ಳುತ್ತಾ ಮತ್ತೆ ಮಲಗಿ. ಹೀಗೆ ದಿನಾ ನಡುವೆ ಎದ್ದರೆ ನಿದ್ದೆ ಕೆಡುತ್ತದೆ. ಭಯ ತೀರಾ ಜಾಸ್ತಿ ಇದ್ದರೆ ಮೊದಲು ಕೌನ್ಸೆಲರ್ ಹತ್ತಿರ ಹೋಗಿ. ಭ್ರಮೆಯ ತೊಂದರೆ ಇರುವವರಿಗೆ ಇದು ಬೇಡವೇ ಬೇಡ.

ನನಗೆ ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಒಮ್ಮೆ ಇದು ಕನಸು ಅಂತ ಗೊತ್ತಾದ ಖುಷಿಗೇ ಎಚ್ಚರವಾಯಿತು! ಕನಸಿನಲ್ಲೇ ಅಂಗೈ ಉಜ್ಜಿಕೊಂಡರೆ ಕನಸು ಇನ್ನಷ್ಟು ಹೊತ್ತು ನಿಲ್ಲಬಹುದು. ಆಗ ಭಾಷಣ ಗೀಷಣ ಬೇಡ, ಎದುರಿಗೆ ಕಂಡವರಿಗೆ ಸುಮ್ನೆ ಒಂದು ನಮಸ್ಕಾರ ಹೇಳಿ. ಬೆಳಿಗ್ಗೆ ಹಾಲಿನ ಅಂಗಡಿಯಲ್ಲೂ ಅದನ್ನೇ ಹೇಳಿ.