ರಕ್ತ ಹೋದ ಮೇಲೆ ಕೊಟ್ಟ ರೆಸ್ವೆರಾಟ್ರಾಲ್: ನನ್ನ ಅನುಭವ

ಲಿವರ್ ಕಾಪಾಡುವ ಗಿಡಮೂಲಿಕೆಗಳ ಮೇಲೆ ನಮ್ಮ ದೇಶದಲ್ಲಿ ಬಂದಿರುವ ಪ್ರಬಂಧಗಳಿಗೆ ಲೆಕ್ಕವಿಲ್ಲ. ನೆಲನೆಲ್ಲಿ, ಕಟುಕರೋಹಿಣಿ, ಅರಿಶಿನದ ಕರ್ಕ್ಯುಮಿನ್... ಎಷ್ಟೋ ಪ್ರಯೋಗಗಳಲ್ಲಿ ಇಲಿಗೆ ಮೊದಲು ಕೆಲವು ದಿನ ಔಷಧಿ ಕುಡಿಸಿ, ಆಮೇಲೆ ಪ್ಯಾರಾಸಿಟಮಾಲ್ ಕೊಟ್ಟು ಲಿವರ್ ಕೆಡಿಸುತ್ತಾರೆ. ತುಂಬಾ ರಕ್ತ ಹೋದರೂ ಲಿವರಿಗೆ ಪೆಟ್ಟು ಬೀಳುತ್ತದೆ; ಆದರೆ ಬೈಕ್‌ನಿಂದ ಬಿದ್ದು ರಕ್ತ ಸುರಿಸಿಕೊಂಡವನು ಹಿಂದಿನ ವಾರದಿಂದ ಕಷಾಯ ಕುಡಿದು ಬಂದಿರುತ್ತಾನೆಯೇ? ಅದಕ್ಕೇ ಫಾರ್ಮಕಾಲಜಿ ಲ್ಯಾಬಿನಲ್ಲಿ ರೆಸ್ವೆರಾಟ್ರಾಲ್ ಕೈಗೆತ್ತಿಕೊಂಡಾಗ ಔಷಧಿ ರಕ್ತಸ್ರಾವದ ನಂತರವೇ ಹೋಗಬೇಕು ಎಂದು ಹಟ ಹಿಡಿದೆ.

ದ್ರಾಕ್ಷಿ ಸಿಪ್ಪೆಯಲ್ಲಿ, ಕಡಲೆಕಾಯಿಯಲ್ಲಿ ಇರುವ ವಸ್ತು ಇದು. ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಜಪಾನೀಸ್ ನಾಟ್‌ವೀಡ್ ಎಂಬ ಗಿಡದ ಬೇರಿನಿಂದ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಶುರು. ಅರಿವಳಿಕೆ ಕೊಟ್ಟ ಗಂಡು ಇಲಿಯ ತೊಡೆಯ ಅಪಧಮನಿಗೆ ಸಣ್ಣ ಟ್ಯೂಬ್ ಹಾಕಿ, ಸರಾಸರಿ ರಕ್ತದೊತ್ತಡ 40ಕ್ಕೆ ಇಳಿಯುವ ತನಕ ರಕ್ತ ಎಳೆಯಬೇಕು. 300 ಗ್ರಾಂ ಇಲಿಯಲ್ಲಿ ಇರುವುದೇ ಸುಮಾರು 20 ಮಿಲಿ; ಅರ್ಧಕ್ಕಿಂತ ಹೆಚ್ಚು ಹೊರಗೆ ಬರುತ್ತದೆ. ಇಳಿಸುವುದು ಕಷ್ಟವಲ್ಲ, 90 ನಿಮಿಷ ಅಲ್ಲೇ ನಿಲ್ಲಿಸುವುದು ಕಷ್ಟ. ದೇಹ ಸುಮ್ಮನಿರುವುದಿಲ್ಲ: ನಾಳಗಳನ್ನು ಬಿಗಿಹಿಡಿದು ಒತ್ತಡ 50ಕ್ಕೆ ಏರಿಸುತ್ತದೆ, ನಾವು ಇನ್ನಷ್ಟು ಎಳೆಯುತ್ತೇವೆ. ಕೊನೆಕೊನೆಗೆ ತಾನಾಗಿಯೇ ಜಾರತೊಡಗುತ್ತದೆ. ಆಗ 40ರಲ್ಲೇ ನಿಲ್ಲಿಸಲು ಸ್ವಲ್ಪ ದ್ರವ ವಾಪಸ್ ಕೊಡಬೇಕು. ಸಿರಿಂಜ್ ಕೈಯಲ್ಲಿ, ಕಣ್ಣು ಮಾನಿಟರ್ ಮೇಲೆ. ಫೋನ್ ಬಂದರೂ ಎತ್ತುವಂತಿಲ್ಲ. 90 ನಿಮಿಷ ಮುಗಿದ ಮೇಲೆ ತೆಗೆದ ರಕ್ತದ ನಾಲ್ಕು ಪಟ್ಟು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರವ, ಒಂದು ಗಂಟೆಯಲ್ಲಿ ನಿಧಾನವಾಗಿ. ಔಷಧಿ ಹೋಗುವುದು ಈ ಘಟ್ಟದಲ್ಲಿ. ಕಾರಣವಿದೆ: ರಕ್ತ ಕಡಿಮೆಯಾದಾಗ ಲಿವರಿಗೆ ಆಗುವ ಪೆಟ್ಟು ಒಂದಾದರೆ, ಹರಿವು ಮರಳಿ ಆಮ್ಲಜನಕ ನುಗ್ಗಿದಾಗ ಹುಟ್ಟುವ, ಕೋಶಗಳನ್ನು ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳು ಕೊಡುವ ಪೆಟ್ಟು ಇನ್ನೊಂದು.

ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದು ದೊಡ್ಡ ತಲೆನೋವು. ಹೆಪಾರಿನ್ ಹಾಕಿದರೆ ಸಲೀಸು, ಆದರೆ ಅದಕ್ಕೇ ಉರಿಯೂತ ತಗ್ಗಿಸುವ ಗುಣವಿದೆ. ಲಾಭ ಯಾರಿಂದ ಬಂತು ಎಂದು ಹೇಳುವುದು ಹೇಗೆ? ಕರಗಿಸುವ ದ್ರವದ್ದೂ ಇದೇ ಕತೆ. ರೆಸ್ವೆರಾಟ್ರಾಲ್ ನೀರಿನಲ್ಲಿ ಸರಿಯಾಗಿ ಕರಗದು, ದ್ರಾವಕವಾಗಿ ಡಿಎಂಎಸ್‌ಒ ಬೇಕು. ಆ ಡಿಎಂಎಸ್‌ಒ ತಾನೇ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತದೆ! ಆದ್ದರಿಂದ ಬರೀ ಡಿಎಂಎಸ್‌ಒ ಕೊಟ್ಟ ಗುಂಪು, ಶಸ್ತ್ರಕ್ರಿಯೆ ಮಾತ್ರ ಮಾಡಿ ರಕ್ತ ತೆಗೆಯದ ಗುಂಪು, ಎರಡೂ ಇರಲೇಬೇಕು. ಇವಿಲ್ಲದ ಪ್ರಬಂಧವನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ. ಇನ್ನು, ಬೆಳಕು ಬಿದ್ದರೆ ಅಣುವಿನ ರೂಪವೇ ಬದಲಾಗುವುದರಿಂದ ಸೀಸೆಗೆ ಫಾಯಿಲ್ ಸುತ್ತಿ, ಅಂದಂದಿನದನ್ನು ಅಂದೇ ಕರಗಿಸುತ್ತಿದ್ದೆವು.

ಮರುದಿನ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತೆಗೆದಾಗ ಮೊದಲು ನೋಡುವುದು ಬಣ್ಣ. ನಸುಗೆಂಪಾಗಿದ್ದರೆ ಕೆಂಪುಕಣಗಳು ಒಡೆದಿವೆ ಎಂದರ್ಥ. ಲಿವರ್ ಪೆಟ್ಟು ತಿಂದಾಗ ರಕ್ತಕ್ಕೆ ಸೋರುವ, ನಾವು ಅಳೆಯುವ ಕಿಣ್ವಗಳು ಎಎಸ್‌ಟಿ ಮತ್ತು ಎಎಲ್‌ಟಿ. ಕೆಂಪುಕಣಗಳೊಳಗೂ ಎಎಸ್‌ಟಿ ಇರುವುದರಿಂದ ಲಿವರ್ ಚೆನ್ನಾಗಿದ್ದರೂ ಅಂಕಿ ಏರುತ್ತದೆ. ಎಎಲ್‌ಟಿಯನ್ನು ಹೆಚ್ಚು ನಂಬಬಹುದು. ಔಷಧಿ ಸಿಕ್ಕ ಇಲಿಗಳಲ್ಲಿ ಅದು ಇಳಿಯಿತು, ಆದರೆ ರಕ್ತ ತೆಗೆಯದ ಇಲಿಗಳ ಮಟ್ಟಕ್ಕೇನೂ ಬರಲಿಲ್ಲ. ಲಿವರ್ ತುಣುಕಿನ ಸ್ಲೈಡಿನಲ್ಲೂ ಹಾಗೆಯೇ: ಆಮ್ಲಜನಕ ಕೊನೆಗೆ ತಲುಪುವ ಕೇಂದ್ರ ಅಭಿಧಮನಿಯ ಸುತ್ತ ಸತ್ತ ಕೋಶಗಳು ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿರಲಿಲ್ಲ.

"ಹಾಗಾದ್ರೆ ಮಾತ್ರೆ ತಗೋಬಹುದಾ ಸರ್?" ಎಂದು ಕೇಳುವವರಿದ್ದಾರೆ. ರಕ್ತ ಹೋಗುತ್ತಿರುವವರಿಗೆ ಮೊದಲು ಬೇಕಾದದ್ದು ಸೋರುವುದನ್ನು ನಿಲ್ಲಿಸುವುದು, ರಕ್ತ ಕೊಡುವುದು. ನಮ್ಮದು ಇಲಿಯ ಕೆಲಸ, ಅದೂ ಗಂಡು ಇಲಿಯದು. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಹೆಚ್ಚಿರುವ ಹಂತದಲ್ಲಿ ಹೆಣ್ಣಿಲಿಗಳು ಇಂಥ ಆಘಾತವನ್ನು ತಾವೇ ಚೆನ್ನಾಗಿ ತಡೆದುಕೊಳ್ಳುತ್ತವೆ. ರೆಸ್ವೆರಾಟ್ರಾಲ್ ಈಸ್ಟ್ರೋಜನ್ ಗ್ರಾಹಕಕ್ಕೂ ಅಂಟುತ್ತದೆ. ಅವುಗಳಲ್ಲಿ ಇದರಿಂದ ಹೆಚ್ಚಿನ ಲಾಭ ಉಂಟೇ ಎಂದು ನೋಡಲು ಸಮಿತಿಗೆ ಹೊಸ ಅರ್ಜಿ ಬರೆಯುತ್ತಿದ್ದೇನೆ.